ಮನೆಯ ಬುಡದ ಅಂಗಡಿ

ಮನೆಯೆಂಬುದು ಒಳಗಿರುವವರಿಗೆ ಮಾತ್ರ ಸೇರಿದುದೋ, ಅಥವಾ ತಾನು ನಿಂತ ಬೀದಿಗೂ ಅದು ಋಣಿಯೋ? ಬೆಂಗಳೂರಿನಲ್ಲಿ ಏಳುತ್ತಿರುವ ಬಹುಮಹಡಿಯ ವಸತಿಸಮುಚ್ಚಯಗಳು ಈ ಪ್ರಶ್ನೆಯನ್ನು ಹೊಸದಾಗಿ ಎತ್ತಿರುವುವು.

1537ರಲ್ಲಿ ಕೆಂಪೇಗೌಡನು ಕಟ್ಟಿಸಿದ ಪೇಟೆಯಲ್ಲಿ ಅಕ್ಕಿಪೇಟೆ, ಅರಳೆಪೇಟೆಗಳಿಗೆ ವ್ಯಾಪಾರವೇ ಹೆಸರನ್ನಿತ್ತಿತು. ಕೆಳಗೆ ಅಂಗಡಿ, ಮೇಲೆ ವಾಸ. ಇದು ಅಲ್ಲಿ ಬಹುಕಾಲದ ವಾಡಿಕೆ. ಇಂದಿನ ಅನೇಕ ಸಮುಚ್ಚಯಗಳಾದರೋ ಬೀದಿಗೆ ಗೋಡೆಯನ್ನೊಡ್ಡಿ ನಿಂತಿರುವುವು. ಕೆಲವು ತಮ್ಮ ಬುಡದಲ್ಲಿ ಮಳಿಗೆಗಳನ್ನು ಇರಿಸಿದರೂ, ಅವುಗಳ ಬಾಡಿಗೆ ಸಣ್ಣ ವರ್ತಕನಿಗೆ ಎಟುಕುವುದು ವಿರಳ.

ಗೋಡೆಯಿಂದ ರಕ್ಷಣೆಯುಂಟೆಂಬ ವಾದವು ಸುಳ್ಳಲ್ಲ. ಆದರೆ ಅದು ಕಾಯುವುದು ಒಳಗಿನವರನ್ನು ಮಾತ್ರ. ನ್ಯೂಯಾರ್ಕಿನ ಬೀದಿಗಳನ್ನು ಕಂಡು ಜೇನ್ ಜೇಕಬ್ಸ್ ಎಂಬ ಲೇಖಕಿಯು 1961ರಲ್ಲಿ ಬರೆದಂತೆ, ಬೀದಿಗೆ ಕಾವಲು ಅಂಗಡಿಯವನ ಕಣ್ಣು. ಅಲ್ಲಿ ನೆರೆಯವರು ಮನೆಯ ಬೀಗದ ಕೈಯನ್ನೂ ಅವನಲ್ಲಿ ಬಿಟ್ಟು ಹೋಗುತ್ತಿದ್ದರು.

ಈಗ ಅಕ್ಕಿಬೇಳೆಗಳು ಮನೆಬಾಗಿಲಿಗೇ ಬರುವುವು. ಗುರುತು ಪರಿಚಯಗಳು ಹಾಗೆ ಬಾರವು. ದಾರಿ ಕೇಳಿದವರಿಗೆ ದಾರಿ ತೋರುವವನು, ತಿಂಗಳ ಕೊನೆಯಲ್ಲಿ ಕಡ ಕೊಡುವವನು, ಮುದುಕರೊಬ್ಬರು ಎರಡು ದಿನ ಕಾಣದಿದ್ದರೆ ವಿಚಾರಿಸುವವನು ಅಂಗಡಿಯವನೇ. ಈ ಉಪಕಾರಕ್ಕೆ ಅವನು ಬೆಲೆ ಕಟ್ಟುವುದಿಲ್ಲ. ಬಾಡಿಗೆಯ ಲೆಕ್ಕದಲ್ಲಿ ಅದು ಕಾಣುವುದೂ ಇಲ್ಲ. ಆದುದರಿಂದ ಒಂದೆರಡು ಮಳಿಗೆಗಳನ್ನು ಅವನಂಥವರಿಗೆ ಅಲ್ಪ ಬಾಡಿಗೆಗೆ ಬಿಡುವುದು ದಾನವಲ್ಲ, ಋಣಸಂದಾಯ.