ಆಸ್ಪತ್ರೆಯ ಬಾಗಿಲಲ್ಲಿ ದಾಸೋಹ

ಶರಣಧರ್ಮದ ಜೀವಾಳವಾದ ದಾಸೋಹವನ್ನು ಅನ್ನದಾನವೆಂದಷ್ಟೇ ತಿಳಿಯುವುದು ಲೋಕರೂಢಿಯಾಗಿದೆ. ಹಸಿದವರಿಗೆ ಅನ್ನವಿಕ್ಕುವುದು ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಆಚರಿಸಿ ತೋರಿದ ದಾಸೋಹವು ತನು, ಮನ, ಧನಗಳೆಂಬ ಮೂರನ್ನೂ ಒಳಗೊಂಡುದು. ಯಾರಿಗೆ ಯಾವುದರ ಕೊರತೆಯುಂಟೋ ಅವರಿಗೆ ಅದನ್ನೇ ಸಲ್ಲಿಸಬೇಕು. ಬಾಯಾರಿದವನ ಮುಂದೆ ಹೋಳಿಗೆಯನ್ನಿಟ್ಟರೆ ದಾಹವಡಗುವುದೆ?

ಹಳ್ಳಿಯ ಬಡತಾಯಿಯೊಬ್ಬಳ ಪಾಡನ್ನು ನೆನೆದರೆ ಈ ಮಾತು ತಿಳಿಯಾಗುವುದು. ಅವಳ ಹೆಣ್ಣುಕೂಸು ಮೊಲೆಯುಣ್ಣುವಾಗ ಏದುಸಿರು ಬಿಡುತ್ತದೆ, ಮೈ ಹತ್ತುವುದಿಲ್ಲ. ಅಂಗನವಾಡಿಗೆ ಬಂದ ವೈದ್ಯರು ಹೃದಯದಲ್ಲಿ ರಂಧ್ರವಿರಬಹುದೆಂದು ಶಂಕಿಸಿ ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಅಲ್ಲಿಂದ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗಬೇಕೆಂಬ ಸಲಹೆ. ಬೆಂಗಳೂರನ್ನು ಕಾಣದ ತಾಯಿ ಯಾರನ್ನು ಕೇಳಬೇಕು? ನೆರೆಯವರು ಪೂರ್ವಕರ್ಮವೆನ್ನುತ್ತಾರೆ, ಮನೆಯ ಹಿರಿಯರು ಹೆಣ್ಣುಕೂಸಿಗೆ ಇಷ್ಟು ವೆಚ್ಚವೇ ಎನ್ನುತ್ತಾರೆ. ಗರ್ಭದಲ್ಲಿರುವಾಗಲೇ, ಹೆಣ್ಣೋ ಗಂಡೋ ಎಂದು ತಿಳಿಯುವುದಕ್ಕೆ ಮುನ್ನವೇ, ಎಂಟನೆಯ ತಿಂಗಳಲ್ಲಿ ಲಿಂಗಧಾರಣ ಸಂಸ್ಕಾರವನ್ನು ವಿಧಿಸಿದ ಧರ್ಮದಲ್ಲಿ ಈ ಭೇದಕ್ಕೆ ಎಡೆಯೆಲ್ಲಿ? ಚಿಕಿತ್ಸೆಯಿದ್ದೂ ಆ ಕೂಸು ಕೈಬಿಟ್ಟುಹೋದರೆ ಅದು ಕರ್ಮದ ಫಲವಲ್ಲ, ನೆರೆಹೊರೆಯ ಉದಾಸೀನದ ಫಲ.

ಸರಕಾರದ ಏರ್ಪಾಡುಗಳು ಇಲ್ಲದೆ ಇಲ್ಲ. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಿ, ದೋಷ ಕಂಡುಬಂದವರನ್ನು ಮೇಲಿನ ಆಸ್ಪತ್ರೆಗೆ ಕಳುಹಿಸುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ, ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ದೊರೆಯುವುದು. ರೇಷನ್ ಕಾರ್ಡು, ಆಧಾರ್, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ, ಇವು ಕೈಯಲ್ಲಿರಬೇಕು. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ದಾರಿ ತೋರಲು ಆರೋಗ್ಯಮಿತ್ರರೆಂಬವರಿದ್ದಾರೆ. ಊರಿನ ಶಿಕ್ಷಕನಿಗೆ ಇದು ಗೊತ್ತು. ಆ ತಾಯಿಗೆ ಗೊತ್ತಿಲ್ಲ. ಅರಿವೂ ಒಂದು ಧನವೇ. ಹೂತಿಟ್ಟ ಹೊನ್ನಿನಂತೆ ಹೇಳದ ಅರಿವೂ ಯಾರಿಗೂ ಒದಗದು.

ತನುವಿನ ದಾಸೋಹವೆಂದರೆ ಅವಳೊಡನೆ ಬಸ್ಸು ಹತ್ತುವುದು, ಬೆಳಗಿನ ಸಾಲಿನಲ್ಲಿ ನಿಲ್ಲುವುದು, ಅವಳು ಕಾಗದಕ್ಕಾಗಿ ಅಲೆಯುವಾಗ ಕೂಸನ್ನೆತ್ತಿಕೊಳ್ಳುವುದು. ಧನದ ದಾಸೋಹವೆಂದರೆ ಯೋಜನೆ ಭರಿಸದುದನ್ನು ಭರಿಸುವುದು: ದಾರಿಯ ಖರ್ಚು, ಜೊತೆಗಿದ್ದವರ ಊಟ, ತಪ್ಪಿಹೋದ ಕೂಲಿ, ಮನೆಯಲ್ಲುಳಿದ ಮಕ್ಕಳ ಗಂಜಿ. ಇವೆರಡಕ್ಕಿಂತಲೂ ಕಠಿಣವಾದುದು ಮನದ ದಾಸೋಹ. ವೈದ್ಯರು ಅವಸರದಲ್ಲಿ ನುಡಿದುದನ್ನು ಅವಳಿಗೆ ನಿಧಾನವಾಗಿ ತಿಳಿಸಬೇಕು. ಅವಳು ಕೇಳಲಂಜುವ ಪ್ರಶ್ನೆಯನ್ನು ಅವಳ ಪರವಾಗಿ ಕೇಳಬೇಕು. ಶಸ್ತ್ರಚಿಕಿತ್ಸೆಯ ಒಪ್ಪಿಗೆಯನ್ನು ಮಾತ್ರ ತಾಯಿತಂದೆಗಳಿಗೇ ಬಿಡಬೇಕು. ಕೂಸಿನ ರೋಗವನ್ನು ಊರಲ್ಲಿ ಸಾರಬಾರದು. ಇಂದಿನ ಮಾತು ನಾಳೆ ಅವಳ ಮದುವೆಗೆ ಅಡ್ಡ ಬಂದೀತು. ಮನೆಗೆ ಮರಳಿದ ಮೇಲೂ ಮರುಪರೀಕ್ಷೆಯ ದಿನವನ್ನು ನೆನಪಿಸಬೇಕು.

ಶರಣರ ಗಣದಲ್ಲಿ ವೈದ್ಯ ಸಂಗಣ್ಣನೂ ಒಬ್ಬನು. ರೋಗಿಯ ನಾಡಿ ಹಿಡಿಯುವ ಕೈಯೂ ಲಿಂಗಪೂಜೆಯ ಕೈಯೂ ಅವನಿಗೆ ಒಂದೇ ಆಗಿದ್ದವು. ಎಲ್ಲರೂ ವೈದ್ಯರಾಗಲಾರರು, ವೈದ್ಯನ ಬಾಗಿಲವರೆಗೆ ಜೊತೆಯಾಗಲು ಎಲ್ಲರೂ ಬಲ್ಲರು. ಹಾಗೆ ಜೊತೆಯಾದವನು ಉಪಕಾರ ಮಾಡಿದೆನೆಂದು ಬೀಗಿದ ಕ್ಷಣವೇ ದಾಸೋಹವು ಕೆಟ್ಟು ಅಹಂಕಾರವಾಗುವುದು. ಸೇವೆಗೆ ಎಡೆಮಾಡಿಕೊಟ್ಟವಳು ಆ ತಾಯಿ, ಋಣಿಯಾದವನು ಭಕ್ತನೇ. ಮುಂದಿನ ಸೋಮವಾರ ಮಠಕ್ಕೆ ಹೊರಟವನಿಗೆ ಓಣಿಯ ಕೊನೆಯ ಮನೆಯಲ್ಲಿ ಕೂಸಿನ ಏದುಸಿರು ಕೇಳಿಸಿದರೆ, ಅಂದಿನ ಪೂಜೆ ಆ ಮನೆಯಲ್ಲಿಯೇ ಮೊದಲಾಗಲಿ.