ಜಡಭರತನ ತಂದೆ



ಶ್ರೀಮದ್ಭಾಗವತದ ಪಂಚಮಸ್ಕಂಧದಲ್ಲಿ ಬರುವ ಜಡಭರತನ ಉಪಾಖ್ಯಾನವನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ಆ ಕಥೆಯಲ್ಲಿ ಕೆಲವೇ ಮಾತುಗಳಲ್ಲಿ ಬಂದು ಮರೆಯಾಗುವ ಅವನ ತಂದೆಯತ್ತ ನಮ್ಮ ಗಮನ ಹರಿಯುವುದು ಕಡಿಮೆ. ಆಂಗಿರಸ ಕುಲದ ಆ ಬ್ರಾಹ್ಮಣನು ಮಗನಿಗೆ ಉಪನಯನ ಮಾಡಿ, ವಸಂತ ಗ್ರೀಷ್ಮಗಳ ನಾಲ್ಕು ತಿಂಗಳೂ ಪ್ರಣವ ವ್ಯಾಹೃತಿಗಳೊಡನೆ ಗಾಯತ್ರಿಯನ್ನು ಹೇಳಿಕೊಟ್ಟನು. ಮಗನಿಗೆ ಅದು ಬರಲಿಲ್ಲ. ಆದರೂ ತಂದೆಯ ಮಮತೆ ಕುಂದಲಿಲ್ಲ; ಕಲಿಸುವುದನ್ನು ಅವನು ಬಿಡಲಿಲ್ಲ; ತನ್ನ ಆಸೆ ಕೈಗೂಡುವ ಮೊದಲೇ ಕಾಲವಾದನು. ಆ ಬಳಿಕ ವೇದವಿದ್ಯೆಯಲ್ಲಿ ಪಳಗಿದ ಅಣ್ಣಂದಿರು, ಇವನು ಜಡಮತಿಯೆಂದು ನಿಶ್ಚಯಿಸಿ ಕಲಿಸುವುದನ್ನೇ ನಿಲ್ಲಿಸಿದರು. ಹುಡುಗನಿಗೆ ಪಾಠ ಹತ್ತುತ್ತಿಲ್ಲವೆಂಬುದು ತಂದೆಗೂ ಗೊತ್ತಿತ್ತು, ಅಣ್ಣಂದಿರಿಗೂ ಗೊತ್ತಿತ್ತು. ತಂದೆ ಪ್ರಯತ್ನವನ್ನು ಮುಂದುವರಿಸಿದನು, ಅಣ್ಣಂದಿರು ಕೈಬಿಟ್ಟರು. ವ್ಯತ್ಯಾಸವಿರುವುದು ಇಷ್ಟರಲ್ಲಿಯೇ.

ಕಲಿಯುವ ಮಗುವಿಗೆ ಕಲಿಸುವುದು ಸುಲಭ. ಬಾಲಕ ವಾಸುದೇವನು ನಿನ್ನೆ ಬರೆಸಿದ ಅಕ್ಷರಗಳನ್ನೇ ಇಂದು ಮತ್ತೆ ಏಕೆ ಬರೆಸುವಿರೆಂದು ತಂದೆ ಮಧ್ಯಗೇಹ ಭಟ್ಟರನ್ನು ಕೇಳಿದ ಪ್ರಸಂಗ ಸುಮಧ್ವವಿಜಯದಲ್ಲಿದೆ. ವಾಯುದೇವರ ಅವತಾರಕ್ಕೆ ಅದು ಸಹಜ. ಆದರೆ ಒಂದು ಮಾತನ್ನು ನೂರು ಬಾರಿ ಹೇಳಿದರೂ ತಿರುಗಿ ಹೇಳದ ಮಗುವಿನ ತಂದೆತಾಯಿಗಳು ಯಾವ ಕಥೆಯನ್ನು ನೆನೆಯಬೇಕು? ಅವರಿಗಾಗಿ ಇರುವುದು ಜಡಭರತನ ತಂದೆಯ ಕಥೆ. ಜಡಭರತನು ತನ್ನ ಜ್ಞಾನವನ್ನು ಮರೆಮಾಡಿಕೊಂಡಿದ್ದ ಮಹಾತ್ಮನು. ಹಾಗೆಂದು ನಮ್ಮ ಮನೆಯ ಮಗುವೂ ಗುಪ್ತಜ್ಞಾನಿಯೆಂದು ಭಾವಿಸಿ ಸುಮ್ಮನಿರುವುದು ಸಲ್ಲದು. ನಾವು ಗ್ರಹಿಸಬೇಕಾದುದು ಆ ತಂದೆಯ ನಡತೆಯನ್ನು.

ಅಹಮದಾಬಾದ್, ವಡೋದರ, ಸೂರತ್ ನಗರಗಳಲ್ಲಿ ಉದ್ಯೋಗನಿಮಿತ್ತ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಈ ವಿಷಯ ಬಾಯಿಗೆ ಬರುವುದು ಅಪರೂಪ. ಮಗು ಹೊಸ್ತಿಲು ದಾಟಿದ ದಿನ ಸಿಹಿ ಮಾಡುವ ಪದ್ಧತಿ ನಮ್ಮದು. ಆ ದಿನ ಬಾರದಿದ್ದಾಗ, ಹೆಸರು ಹಿಡಿದು ಕರೆದರೂ ಮಗು ತಿರುಗಿ ನೋಡದಿದ್ದಾಗ, ತಾಯಿಯ ಮನಸ್ಸಿನಲ್ಲಿ ಭಯ ಮೊಳೆಯುತ್ತದೆ. ಅಜ್ಜಿ ತಾತಂದಿರು ದೂರದ ಉಡುಪಿಯಲ್ಲೋ ಧಾರವಾಡದಲ್ಲೋ ಇರುತ್ತಾರೆ. ಪತಿ ಕಾರ್ಖಾನೆಯ ಪಾಳಿ ಮುಗಿಸಿ ಬರುವುದು ರಾತ್ರಿಯಲ್ಲಿ. ಊರಿಗೆ ಫೋನ್ ಮಾಡಿದರೆ ‘ಗಂಡುಮಕ್ಕಳಿಗೆ ಮಾತು ತಡ, ಅವನ ಸೋದರಮಾವನೂ ಹಾಗೇ ಇದ್ದ’ ಎಂಬ ಸಮಾಧಾನ ದೊರೆಯುತ್ತದೆ. ಹೇಳುವವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಆ ಸಮಾಧಾನದಲ್ಲಿಯೇ ವರ್ಷಗಳು ಕಳೆದುಹೋಗುವುದುಂಟು.

ಮನೆಯಲ್ಲಿ ಕನ್ನಡ, ನೆರೆಯಲ್ಲಿ ಗುಜರಾತಿ, ಟಿ.ವಿ.ಯಲ್ಲಿ ಹಿಂದಿ, ಇಷ್ಟು ಭಾಷೆಗಳ ನಡುವೆ ಮಗು ಗೊಂದಲಗೊಂಡಿದೆಯೆಂಬ ಮಾತನ್ನು ಇಲ್ಲಿ ವಿಶೇಷವಾಗಿ ಕೇಳುತ್ತೇವೆ. ಅನೇಕ ಭಾಷೆಗಳನ್ನು ಕೇಳುವುದರಿಂದ ಮಾತಿನ ದೋಷ ಉಂಟಾಗುವುದಿಲ್ಲವೆಂದು ಭಾಷಾಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಆದುದರಿಂದ ಕಾರಣವನ್ನು ಭಾಷೆಯ ಮೇಲೆ ಹೊರಿಸಿ ಕಾಯುವುದೂ ಬೇಡ, ಮಗುವಿನೊಡನೆ ಕನ್ನಡವಾಡುವುದನ್ನು ಬಿಡುವುದೂ ಬೇಡ. ತಾಯಿಯ ಹೃದಯ ಯಾವ ಭಾಷೆಯಲ್ಲಿ ತೆರೆದುಕೊಳ್ಳುವುದೋ ಆ ಭಾಷೆಯೇ ಮಗುವಿಗೆ ಹಿತ.

ಎಲ್ಲ ಮಕ್ಕಳೂ ಒಂದೇ ದಿನ ನಡೆಯುವುದಿಲ್ಲವೆಂಬುದು ನಿಜ. ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆಸರೆಯಿಲ್ಲದೆ ನಡೆಯುವ ವಯಸ್ಸು ಎಂಟು ತಿಂಗಳಿನಿಂದ ಹದಿನೇಳೂವರೆ ತಿಂಗಳವರೆಗೂ ಹರಡಿಕೊಂಡಿದೆ. ಆದರೆ ಈ ಹರವಿಗೂ ಒಂದು ಎಲ್ಲೆಯುಂಟು. ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಆ ಹೊತ್ತಿಗೆ ಒಂದು ಪದವನ್ನೂ ಆಡದಿದ್ದರೆ, ಎರಡು ವರ್ಷಕ್ಕೆ ಎರಡು ಪದಗಳನ್ನು ಕೂಡಿಸದಿದ್ದರೆ, ಕಲಿತದ್ದನ್ನು ಯಾವ ವಯಸ್ಸಿನಲ್ಲಾದರೂ ಮರೆತರೆ, ಇನ್ನು ಕಾಯದೆ ಮಕ್ಕಳ ವೈದ್ಯರ ಬಳಿಗೆ ಹೋಗಬೇಕು. ಮೊದಲು ಶ್ರವಣಪರೀಕ್ಷೆ ಆಗಲಿ. ಕಿವಿ ಕೇಳದ ಮಗುವನ್ನು ಹಟಮಾರಿಯೆಂದು ಗದರಿಸುವ ಅನ್ಯಾಯ ನಡೆಯದಿರಲಿ.

ಈ ವಿಷಯದಲ್ಲಿ ನಾವು ನೆಲೆಸಿರುವ ನಾಡು ಅನಾಥವಲ್ಲ. ಶಿಶುಗಳ ಬೆಳವಣಿಗೆಯನ್ನು ಅಳೆಯಲು ಅಮೆರಿಕದಲ್ಲಿ ರಚಿತವಾಗಿದ್ದ ಅಳತೆಗೋಲನ್ನು ನಮ್ಮ ಮಕ್ಕಳಿಗೆ ಹೊಂದಿಸಿದ ಕಾರ್ಯ ನಡೆದುದು ವಡೋದರದಲ್ಲಿಯೇ. ಡಾ. ಪ್ರಮಿಳಾ ಫಾಟಕ್ ಅವರು ಅಲ್ಲಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ನಡೆಸಿದ ಆ ಅಧ್ಯಯನವು ‘ಬರೋಡಾ ನಾರ್ಮ್ಸ್’ ಎಂದು ದೇಶದಲ್ಲೆಲ್ಲ ಪ್ರಸಿದ್ಧವಾಯಿತು. ಅಹಮದಾಬಾದಿನಲ್ಲಿ 1951ರಲ್ಲಿ ಸ್ಥಾಪನೆಗೊಂಡ ಬಿ.ಎಂ. ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಅಹಮದಾಬಾದ್ ಮತ್ತು ಸೂರತ್‌ನ ಸಿವಿಲ್ ಆಸ್ಪತ್ರೆಗಳಲ್ಲಿ, ವಡೋದರದ ಎಸ್.ಎಸ್.ಜಿ. ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಬೆಳವಣಿಗೆಯ ವಿಳಂಬವನ್ನೂ ತನ್ನ ವ್ಯಾಪ್ತಿಯಲ್ಲಿ ಸೇರಿಸಿಕೊಂಡಿದೆ. ಊರಿಗೆ ಹೋದಾಗ ಕನ್ನಡದಲ್ಲಿಯೇ ಮಾತಿನ ಪರೀಕ್ಷೆ ಮಾಡಿಸಬೇಕೆನ್ನುವವರಿಗೆ 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ವೈದ್ಯರಲ್ಲಿಗೆ ಹೋದರೆ ದೇವರಲ್ಲಿ ನಂಬಿಕೆ ಕಡಿಮೆಯಾದಂತಲ್ಲವೇ ಎಂಬ ಶಂಕೆ ಕೆಲವರಿಗುಂಟು. ಧನ್ವಂತರಿಯು ಸಾಕ್ಷಾತ್ ಶ್ರೀಹರಿಯ ರೂಪ. ಶ್ರೀಮದಾಚಾರ್ಯರು ತಂತ್ರಸಾರಸಂಗ್ರಹದಲ್ಲಿ ಧನ್ವಂತರಿಯ ಧ್ಯಾನವನ್ನು ಉಪದೇಶಿಸಿದ್ದಾರೆ. ವೈದ್ಯನಲ್ಲಿ ನಿಂತು ಚಿಕಿತ್ಸೆ ಮಾಡಿಸುವವನೂ ಆ ಅಂತರ್ಯಾಮಿಯೇ. ರಾಯರಿಗೆ ಹರಕೆ ಹೊರುವುದೂ, ಮಗುವಿಗೆ ವ್ಯಾಯಾಮ ಮಾಡಿಸುವುದೂ ಒಂದನ್ನೊಂದು ವಿರೋಧಿಸುವುದಿಲ್ಲ. ಮಂತ್ರಾಕ್ಷತೆ ತಲೆಯ ಮೇಲಿರಲಿ, ಕೈ ತನ್ನ ಕೆಲಸ ಮಾಡುತ್ತಿರಲಿ.

ಎಲ್ಲ ಪರೀಕ್ಷೆಗಳು ಮುಗಿದರೂ ಕಾರಣ ತಿಳಿಯದಿರುವುದುಂಟು. ವೈದ್ಯರು ‘ಬೆಳವಣಿಗೆ ತಡ’ ಎಂದಷ್ಟೇ ಬರೆದು, ಕಾದು ನೋಡೋಣವೆನ್ನುತ್ತಾರೆ. ತಂದೆತಾಯಿಗಳಿಗೆ ಇದು ರೋಗದ ಹೆಸರು ಕೇಳುವುದಕ್ಕಿಂತಲೂ ಕಠಿಣ. ಯಾರಾದರೂ ಕೇಳಿದರೆ ಏನೆಂದು ಹೇಳುವುದೆಂಬುದೇ ತೋಚದು. ಆದರೆ ಕಲಿಸುವುದಕ್ಕೆ ರೋಗದ ಹೆಸರು ಸಿಗುವವರೆಗೆ ಕಾಯಬೇಕಿಲ್ಲ. ನಡೆಯದ ಕಾಲಿಗೆ, ಆಡದ ನಾಲಿಗೆಗೆ ಬೇಕಾದ ಅಭ್ಯಾಸ ಇಂದೇ ಆರಂಭವಾಗಬಹುದು. ಎಳೆಯ ಮೆದುಳು ಹೆಚ್ಚು ಬಾಗುವುದು ಈ ವರ್ಷಗಳಲ್ಲಿಯೇ. ಸ್ನಾನ ಮಾಡಿಸುವಾಗ ಕೈ, ಕಾಲು, ಮೂಗುಗಳ ಹೆಸರು ಹೇಳುವುದು, ಹಾಲಿನ ಲೋಟವನ್ನು ಅದು ಬೆರಳು ತೋರಿಸುವವರೆಗೆ ಕ್ಷಣ ತಡೆದು ಕೊಡುವುದು, ದೀಪ ಹಚ್ಚುವಾಗ ಪಕ್ಕದಲ್ಲಿ ಕೂರಿಸಿಕೊಂಡು ಗಂಟೆಯನ್ನು ಅದರ ಕೈಗಿಡುವುದು, ಇವೆಲ್ಲವೂ ಪಾಠಗಳೇ. ಫಲವನ್ನು ಹರಿಗೆ ಬಿಟ್ಟು ಕರ್ಮವನ್ನು ಮಾಡೆಂಬ ಗೀತೆಯ ಉಪದೇಶ ಇಷ್ಟು ನೇರವಾಗಿ ಅನ್ವಯಿಸುವ ಸ್ಥಳ ಬೇರೆ ಕಡಿಮೆ. ಕೆಲವು ಮಕ್ಕಳು ಮುಂದೆ ಜೊತೆಯವರನ್ನು ಸೇರಿಕೊಳ್ಳುತ್ತಾರೆ, ಕೆಲವರು ಸೇರುವುದಿಲ್ಲ. ಎರಡರಲ್ಲಿಯೂ ಮಾಡಿದ ಸೇವೆ ವ್ಯರ್ಥವಲ್ಲ.

ಇನ್ನು ‘ಯಾವ ಜನ್ಮದ ಕರ್ಮವೋ’ ಎಂಬ ಮಾತು. ಕರ್ಮಸಿದ್ಧಾಂತ ಸತ್ಯ. ಆದರೆ ಯಾವ ಜೀವನ ಯಾವ ಕರ್ಮಕ್ಕೆ ಯಾವ ಫಲವೆಂಬುದನ್ನು ಬಲ್ಲವನು ಸರ್ವಜ್ಞನಾದ ಶ್ರೀಹರಿಯೊಬ್ಬನೇ. ಆ ತಾಯಿಯ ಎದುರು ನಿಂತು ಅದನ್ನು ನಿರ್ಣಯಿಸಹೊರಡುವವನು ತನಗಿಲ್ಲದ ಸರ್ವಜ್ಞತ್ವವನ್ನು ಆರೋಪಿಸಿಕೊಂಡಂತೆ. ಪಂಚಭೇದಗಳಲ್ಲಿ ಜೀವ ಜೀವರ ಭೇದವನ್ನು ಒಪ್ಪಿದ ನಾವು, ನೆರೆಮನೆಯ ಮಗುವನ್ನು ಅಳತೆಗೋಲಾಗಿಟ್ಟುಕೊಂಡು ನಮ್ಮ ಮಗುವನ್ನು ಅಳೆಯುವುದೂ ಸರಿಯಲ್ಲ. ತಡವಾಗಿರುವುದು ಜಡವಾದ ದೇಹೇಂದ್ರಿಯಗಳ ಬೆಳವಣಿಗೆ. ಒಳಗಿರುವ ಚೇತನದ ಸ್ವರೂಪ ಅದರಿಂದ ಕುಗ್ಗುವುದಿಲ್ಲ.

ಕೊನೆಯದಾಗಿ ಮಠಕ್ಕೆ ಬರುವ ನಮ್ಮೆಲ್ಲರ ಕರ್ತವ್ಯ. ರಹೂಗಣರಾಜನ ಪಲ್ಲಕ್ಕಿಯನ್ನು ಹೊತ್ತ ಜಡಭರತನು, ಕಾಲಡಿಯ ಜೀವಿಗಳಿಗೆ ನೋವಾಗದಿರಲೆಂದು ನೆಲ ನೋಡುತ್ತ ನಡೆದುದರಿಂದ ಪಲ್ಲಕ್ಕಿ ಓಲಾಡಿತು. ರಾಜನು ಅವನನ್ನು ಕಾರಣ ಕೇಳದೆ ಹಂಗಿಸಿದನು. ಆರಾಧನೆಯ ದಿನ ಜಾಗಟೆಯ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುವ ಮಗುವಿಗೂ ಅದರದೇ ಕಾರಣವಿರುತ್ತದೆ. ಸುತ್ತಲಿನವರು ತಿರುಗಿ ನೋಡಿದ ಆ ನೋಟಕ್ಕೆ ಅಂಜಿ ಎಷ್ಟೋ ದಂಪತಿಗಳು ಮಠಕ್ಕೆ ಬರುವುದನ್ನೇ ಬಿಡುತ್ತಾರೆ. ಅವರಿಗೆ ಬಾಗಿಲ ಸಮೀಪ ಸ್ಥಳ ಬಿಡೋಣ. ತೀರ್ಥಪ್ರಸಾದಕ್ಕೆ ಮೊದಲು ಕರೆಯೋಣ. ಸಲಹೆ ಕೊಡುವ ಬದಲು ಒಂದು ಗಂಟೆ ಮಗುವನ್ನು ನೋಡಿಕೊಂಡು ಆ ತಾಯಿ ನೆಮ್ಮದಿಯಾಗಿ ಕುಳಿತು ಪ್ರವಚನ ಕೇಳುವಂತೆ ಮಾಡೋಣ. ರಹೂಗಣನು ಕೊನೆಗೆ ಪಲ್ಲಕ್ಕಿಯಿಂದಿಳಿದು ನಮಸ್ಕರಿಸಿದನು. ನಾವು ಮೊದಲೇ ಇಳಿದರೆ ಲೇಸು.

ಅಂಥ ಮಕ್ಕಳ ತಂದೆತಾಯಿಗಳಿಗೆ ಶ್ರೀಹರಿವಾಯುಗುರುಗಳು ಧೈರ್ಯವನ್ನೂ ದೇಹಬಲವನ್ನೂ ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.