ಕಲಿಸುವವರ ಕೂಲಿ

ವಿದ್ಯೆಯನ್ನು ಮಾರಬಾರದೆಂಬ ಮಾತು ನಮ್ಮಲ್ಲಿ ಬಹು ಹಳೆಯದು. ಉಪಾಧ್ಯಾಯ, ವೈದ್ಯ, ಪುರಾಣಿಕ ಮೊದಲಾದವರು ಕೊಟ್ಟದ್ದನ್ನು ಪಡೆಯಬೇಕೇ ಹೊರತು ತಾವಾಗಿ ಬೆಲೆ ಹೇಳಬಾರದೆಂದು ಹಿರಿಯರು ನಂಬಿದ್ದರು. ಆ ನಂಬಿಕೆ ಎಷ್ಟರಮಟ್ಟಿಗೆ ನಡೆದು ಬಂತೆಂಬುದು ಬೇರೆಯ ಮಾತು. ಅದರ ನೆರಳಂತೂ ಇಂದಿಗೂ ನಮ್ಮ ಮೇಲಿದೆ. ಊರಿಗೆ ಉಪಕಾರವಾಗುವ ಕೆಲಸಕ್ಕೆ ಹಣ ಕೇಳುವವರನ್ನು ನಾವು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿಯೇ ನೋಡುತ್ತೇವೆ. ಆದರೆ ಕಲಿಸುವ ವಿದ್ಯೆಯೇ ದುಡಿಮೆಗೆ ಬೆಲೆ ಕಟ್ಟುವ ವಿದ್ಯೆಯಾದಾಗ ಏನು ಮಾಡಬೇಕು? ಅದನ್ನೂ ಬಿಟ್ಟಿಯಾಗಿಯೇ ಕಲಿಸಬೇಕೆ?

ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಸ್ವಂತ ಉದ್ಯೋಗ ಹೂಡುವುದನ್ನು ಪಾಠ ಹೇಳಿ ಕಲಿಸಬಹುದೆಂದು ನಮ್ಮ ನಾಡು ಬಹಳ ಹಿಂದೆಯೇ ತೋರಿಸಿಕೊಟ್ಟಿದೆ. ೧೯೮೨ರಲ್ಲಿ ಧರ್ಮಸ್ಥಳದ ಬಳಿಯ ಉಜಿರೆಯಲ್ಲಿ ಅಲ್ಲಿನ ಶಿಕ್ಷಣ ಟ್ರಸ್ಟೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಕೂಡಿ ‘ರುಡ್‌ಸೆಟ್’ ಸಂಸ್ಥೆಯನ್ನು ಆರಂಭಿಸಿದವು. ಹಳ್ಳಿಯ ನಿರುದ್ಯೋಗಿ ತರುಣರಿಗೆ ಅಲ್ಲಿ ಊಟ ವಸತಿಗಳೊಡನೆ ಉಚಿತ ತರಬೇತಿ. ೨೦೦೯ರಿಂದ ಕೇಂದ್ರ ಸರಕಾರ ಇದೇ ಮಾದರಿಯನ್ನು ಹಿಡಿದು ಜಿಲ್ಲೆಗೊಂದು ಸಂಸ್ಥೆಯೆಂದು ದೇಶಕ್ಕೆಲ್ಲ ಹಬ್ಬಿಸಿತು. ಆದರೆ ಜಿಲ್ಲೆಗೊಂದು ಸಂಸ್ಥೆ ಓಣಿ ಓಣಿಗೆ ತಲಪಲಾರದು. ಆದುದರಿಂದ ಊರಿನವರಲ್ಲೇ ಕೆಲವರನ್ನು ಆರಿಸಿ, ಅವರಿಗೆ ಪಾಠ ಹೇಳಿ, ಅವರಿಂದ ನೆರೆಹೊರೆಯವರಿಗೆ ಪಾಠ ಹೇಳಿಸುವ ಪದ್ಧತಿ ಬಂದಿದೆ. ಅವರಿಗೆ ಸ್ವಯಂಸೇವಕರೆಂದು ಹೆಸರು. ಬಹುಮಟ್ಟಿಗೆ ಅವರು ಹೆಂಗಸರು.

ಕಲಬುರಗಿ ನಗರದಲ್ಲಿ ನಡೆದ ಇಂಥದೊಂದು ತರಬೇತಿಯಲ್ಲಿ ಒಂದು ದಿನ ಹಿಂದಿನ ಸಾಲಿನಲ್ಲಿ ಕುಳಿತು ಕೇಳುವ ಅವಕಾಶ ನನಗೆ ದೊರೆಯಿತು. ಅಂದಿನ ಪಾಠ ಜೋಳದ ರೊಟ್ಟಿಯ ಮೇಲೆ. ಅದು ಸಹಜವೇ. ಈ ಜಿಲ್ಲೆಯ ಮಹಿಳಾ ಸಂಘಗಳು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ರೊಟ್ಟಿ ಮಾರಿ ಹೆಸರು ಮಾಡಿವೆ; ಅಲ್ಲಿ ದಿನಕ್ಕೆ ೩,೦೦೦ಕ್ಕೂ ಹೆಚ್ಚು ರೊಟ್ಟಿಗಳಾಗುತ್ತವೆಂದು ೨೦೨೫ರ ಜೂನ್ ತಿಂಗಳಲ್ಲಿ ಪ್ರಧಾನಿಯವರೇ ತಮ್ಮ ಬಾನುಲಿ ಭಾಷಣದಲ್ಲಿ ಹೇಳಿದರು. ಕಲಿಸುವಾಕೆ ಹಲಗೆಯ ಮೇಲೆ ಒಂದು ಕಲ್ಪಿತ ಲೆಕ್ಕ ಬರೆದರು. ನೂರು ರೊಟ್ಟಿಗೆ ಜೋಳ ೨೫೦ ರೂಪಾಯಿ, ಗಿರಣಿ, ಉರುವಲು ೬೦, ಪೊಟ್ಟಣ ೪೦. ಒಟ್ಟು ೩೫೦. ರೊಟ್ಟಿಗೆ ೬ ರೂಪಾಯಿಯಂತೆ ಮಾರಿದರೆ ಬರುವುದು ೬೦೦. ಹಾಗಾದರೆ ಲಾಭವೆಷ್ಟು? ಎಲ್ಲರೂ ಒಟ್ಟಾಗಿ ೨೫೦ ಎಂದರು. ಆಕೆ ನಕ್ಕು, ಹಿಟ್ಟು ನಾದಿ, ಬಡಿದು, ಬೇಯಿಸಿ, ಒಣಗಿಸಿ, ಕಟ್ಟಿ, ಮಾರಿದ ದಿನದ ಕೂಲಿ ೩೦೦ ರೂಪಾಯಿಯೆಂದು ಹಿಡಿದರು. ೨೫೦ ರೂಪಾಯಿಯ ಲಾಭ ಹೋಗಿ ೫೦ ರೂಪಾಯಿ ನಷ್ಟವಾಯಿತು. ತನ್ನ ಕೂಲಿಯನ್ನು ತಾನೇ ಮರೆಯುವ ವ್ಯಾಪಾರ ವ್ಯಾಪಾರವಲ್ಲವೆಂಬುದು ಪಾಠದ ಸಾರ.

ಆಗ ಕಮಲಾಪುರದ ಕಡೆಯಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. “ಅಕ್ಕೋರೆ, ರೊಟ್ಟಿ ಬಡಿಯಾಕಿ ತನ್ನ ಕೂಲಿ ಹಿಡೀಬೇಕು ಅಂತ ನಾವು ಊರಾಗ ಹೇಳಬೇಕು. ಹೇಳ್ಲಾಕ ಹೋದ ನಮ್ಮ ಕೂಲಿ ಯಾರು ಹಿಡೀತಾರ್ರಿ?”

ಸಭೆ ನಕ್ಕಿತು. “ಇದು ಸೇವಾ ಅಲ್ಲೇನವ್ವಾ?” ಎಂದರು ಕಲಿಸುವಾಕೆ.

“ಸೇವಾ ಖರೇ ರೀ. ಮನ್ಯಾಗ ರೊಟ್ಟಿ ಬಡಿಯೋದೂ ಇಷ್ಟ ದಿನ ಸೇವಾನೇ ಇತ್ತಲ್ರೀ.”

ಈ ಸಲ ಯಾರೂ ನಗಲಿಲ್ಲ. ನನಗೂ ಆ ಮಾತಿಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಅದನ್ನು ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದೇನೆ.

ಯೋಚಿಸಿ ನೋಡಿ. ಯೋಜನೆಯನ್ನು ಬರೆದವರಿಗೆ ಸಂಬಳವುಂಟು. ನಗರದಲ್ಲಿ ಪಾಠ ಹೇಳುವವರಿಗೂ ಉಂಟು. ಮೆಟ್ಟಿಲಿಳಿದಂತೆ ಸಂಬಳ ಸವೆದು, ಕೊನೆಯ ಮೆಟ್ಟಿಲಿನಲ್ಲಿ ನಿಂತವಳ ಪಾಲಿಗೆ ಸೇವೆಯೆಂಬ ದೊಡ್ಡ ಹೆಸರು ಮಾತ್ರ ಉಳಿಯುತ್ತದೆ. ಇದು ಹೊಸತೂ ಅಲ್ಲ. ೧೯೭೫ರಲ್ಲಿ ಆರಂಭವಾದ ಅಂಗನವಾಡಿಯ ಕಾರ್ಯಕರ್ತೆಯರಿಗೂ ಸಂಬಳವೆನ್ನದೆ ಗೌರವಧನವೆಂದೇ ಕೊಡುತ್ತ ಬಂದರು. ಅವರಿಗೆ ಗ್ರಾಚ್ಯುಯಿಟಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದು ೨೦೨೨ರಲ್ಲಿ. ಗೌರವವನ್ನು ಹಣದ ಬದಲಿಗೆ ಕೊಡುವುದು ಕೊಡುವವರಿಗೆ ಸುಲಭ. ಇದರಿಂದ ಇನ್ನೊಂದು ಅನ್ಯಾಯವೂ ಆಗುತ್ತದೆ. ಬಿಟ್ಟಿ ಕಲಿಸಲು ಬರಬಲ್ಲವಳು ಉಂಡುಟ್ಟು ಸುಖವಾಗಿರುವ ಮನೆಯವಳು; ದಿನದ ಕೂಲಿ ಬಿಟ್ಟು ಬರಲಾರದ ಹೆಂಗಸು ಹಿಂದುಳಿಯುತ್ತಾಳೆ. ಬಡವರ ವ್ಯಾಪಾರದ ಕಷ್ಟ ಬಲ್ಲವಳು ಅವಳೇ.

ಹಾಗಾದರೆ ಕೂಲಿ ಕೊಟ್ಟುಬಿಟ್ಟರೆ ಆಯಿತೆ? ಇಲ್ಲಿ ಎರಡನೆಯ ತೊಡಕು ಬರುತ್ತದೆ. ಹಣ ಕೊಡುವವರು ಲೆಕ್ಕ ಕೇಳುತ್ತಾರೆ. ಎಷ್ಟು ಜನರಿಗೆ ಕಲಿಸಿದೆ, ಎಷ್ಟು ಅಂಗಡಿ ತೆರೆಸಿದೆ, ಎಷ್ಟು ಸಾಲ ಕೊಡಿಸಿದೆ ಎಂದು ತಲೆಯೆಣಿಸಿ ಕೂಲಿ ಕೊಡತೊಡಗಿದರೆ, ಆಕೆ ಶಿಕ್ಷಕಿಯಾಗಿ ಉಳಿಯದೆ ದಲ್ಲಾಳಿಯಾಗುತ್ತಾಳೆ. ಸಾಲವನ್ನು ಮನೆಬಾಗಿಲಿಗೆ ಹೊತ್ತು ತಂದು ಹಂಚಿದ್ದರ ಫಲವನ್ನು ನಾವು ಕಂಡಿದ್ದೇವೆ. ಕಿರುಸಾಲದ ವಸೂಲಿಯ ಹಾವಳಿಯನ್ನು ತಡೆಯಲು ೨೦೧೦ರಲ್ಲಿ ನೆರೆಯ ಆಂಧ್ರಪ್ರದೇಶ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ೨೦೨೫ರ ಫೆಬ್ರವರಿಯಲ್ಲಿ ಕರ್ನಾಟಕವೂ ಅದನ್ನೇ ಮಾಡಬೇಕಾಯಿತು. ಧೈರ್ಯ ಮಾಡು ಎಂದು ಹೇಳಿ ಹೋಗುವುದು ಸುಲಭ. ಸೋತ ಅಂಗಡಿಯ ಕಂತು ಕಟ್ಟಬೇಕಾದವರು ಧೈರ್ಯ ಹೇಳಿದವರಲ್ಲ.

ಕಮಲಾಪುರದ ಕೆಂಪು ಬಾಳೆಯನ್ನೇ ತೆಗೆದುಕೊಳ್ಳಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು. ಪೇಟೆಯಲ್ಲಿ ಒಳ್ಳೆಯ ಬೆಲೆಯುಂಟು. ಅದನ್ನು ಬೆಳೆಸಿ ಲಾಭ ಪಡೆ ಎಂದು ಹೇಳುವುದು ಯಾರಿಗಾದರೂ ತೋಚೀತು. ಆದರೆ ಅದು ಬೇರೆ ಬಾಳೆಗಿಂತ ತಡವಾಗಿ ಕೈಗೆ ಬರುವ ಬೆಳೆ. ನೀರಿರುವವನು, ಕಾಯಬಲ್ಲವನು ಬೆಳೆದಾನು. ಮೂರು ತಿಂಗಳಿಗೇ ಬಡ್ಡಿ ಕಟ್ಟಬೇಕಾದವನಿಗೆ “ನಿನಗೆ ಇದು ಬೇಡಪ್ಪ” ಎಂದು ಹೇಳಬಲ್ಲವನೇ ನಿಜವಾದ ಹಿತೈಷಿ. ತಲೆಗಿಷ್ಟೆಂದು ಕೂಲಿ ಪಡೆಯುವವನ ಬಾಯಿಂದ ಈ ಮಾತು ಹೊರಡುವುದು ಕಷ್ಟ.

ಸ್ವಯಂಸೇವೆಯ ತಿರುಳು ಇಲ್ಲಿದೆಯೆಂದು ನನಗೆ ತೋರುತ್ತದೆ. ಹಣ ಮುಟ್ಟದೆ ಇರುವುದೇ ಸ್ವಯಂಸೇವೆಯಲ್ಲ. ‘ಬೇಡ’ ಎನ್ನುವ ಸ್ವಾತಂತ್ರ್ಯವನ್ನು ಮಾರದೆ ಇರುವುದು ಸ್ವಯಂಸೇವೆ. ಆಕೆಗೆ ಬಸ್ಸಿನ ಖರ್ಚು ಕೊಡಲಿ, ದಿನದ ಕೂಲಿ ಕೊಡಲಿ. ಅದು ಆಕೆಯ ಹಕ್ಕು. ಕೇಳಿದವರು ಅಂಗಡಿ ತೆರೆದರೂ ಅಷ್ಟೇ, ತೆರೆಯದೆ ಮನೆಗೆ ಹೋದರೂ ಅಷ್ಟೇ ಕೊಡಲಿ. ಆಗ ಆಕೆಯ ಸಮಯಕ್ಕೆ ಬೆಲೆ ಸಂದಿತು. ಆಕೆಯ ಸಲಹೆ ಮಾತ್ರ ಯಾರಿಗೂ ಮಾರಾಟವಾಗಲಿಲ್ಲ.

ಇದು ನಮ್ಮ ನೆಲಕ್ಕೆ ಅಪರಿಚಿತವಾದ ವಿಚಾರವಲ್ಲ. ಶರಣಬಸವೇಶ್ವರರ ದಾಸೋಹದಿಂದ ಹೆಸರಾದ ಊರು ಕಲಬುರಗಿ. ಶರಣರು ದಾಸೋಹಕ್ಕೆ ಮೊದಲು ಕಾಯಕವನ್ನಿಟ್ಟರು. ತನ್ನ ದುಡಿಮೆಯಿಂದ ಬಂದದ್ದನ್ನು ಹಂಚುವುದು ದಾಸೋಹ. ದುಡಿಮೆಗೆ ಏನೂ ಸಲ್ಲದವನು ಹಂಚುವುದೇನನ್ನು? ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದಳೆಂಬ ಕಥೆ ಎಲ್ಲರಿಗೂ ಗೊತ್ತು. ಆಕೆ ಕಾಯಕ ಬೇಡವೆನ್ನಲಿಲ್ಲ. ಕಾಯಕದಿಂದ ಬಂದುದೂ ಬೇಡವೆನ್ನಲಿಲ್ಲ. ಅಳತೆ ಮೀರಿದ್ದು ಬೇಡವೆಂದಳು. ಗಳಿಕೆಯ ಪಾಠ ಹೇಳುವವರಿಗೆ ಆಕೆಗಿಂತ ಒಳ್ಳೆಯ ಗುರು ಯಾರಿದ್ದಾರೆ?

ಹೀಗಿರುವುದರಿಂದ, ಇಂಥ ಸ್ವಯಂಸೇವಕಿಯರನ್ನು ತರಬೇತು ಮಾಡುವವರಲ್ಲಿ ನನ್ನದೊಂದು ಬಿನ್ನಹ. ಲಾಭದ ಲೆಕ್ಕವನ್ನೂ ಪೇಟೆಯ ಜಾಣ್ಮೆಯನ್ನೂ ನೀವು ಚೆನ್ನಾಗಿಯೇ ಕಲಿಸುತ್ತೀರಿ. ಕೊನೆಯ ದಿನದ ಪರೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ. ಮಗನಿಗೆ ಅಂಗಡಿ ಇಡಿಸಬೇಕೆಂದು ಇದ್ದೊಂದು ಎಮ್ಮೆಯನ್ನು ಮಾರಹೊರಟ ನೆರೆಮನೆಯ ಅಜ್ಜಿಗೆ ಏನು ಹೇಳುವೆ ಎಂದು ಕೇಳಿ. ಅಜ್ಜಿಯ ಎಮ್ಮೆ ಎಷ್ಟು ಹಾಲು ಕೊಡುತ್ತದೆಂದು ಮೊದಲು ವಿಚಾರಿಸುವವಳನ್ನು ತೇರ್ಗಡೆ ಮಾಡಿ ಕಳುಹಿಸಿ. ಕಳುಹಿಸುವಾಗ ಆಕೆಯ ಅಂದಿನ ಕೂಲಿಯನ್ನೂ ಕೈಯಲ್ಲಿಡಿ.